ಸ್ವರದ ಮೇಲಿನ ಚುಕ್ಕಿ

1995ರಿಂದ 2018ರವರೆಗೆ ಬೆಂಗಳೂರಿನಿಂದ ಒಂದು ಪುಟ್ಟ ಸಂಗೀತ ಮಾಸಪತ್ರಿಕೆ ಹೊರತರುತ್ತಿದ್ದೆ. ಕರ್ನಾಟಕ ಸಂಗೀತಕ್ಕೆ ಮದ್ರಾಸಿನಲ್ಲಿ 1983ರಿಂದಲೇ 'ಶ್ರುತಿ' ಇತ್ತು. ಆದರೆ ಅದು ಇಂಗ್ಲಿಷಿನದು. ನಮ್ಮ ಪಾಠದ ಮನೆಗಳಲ್ಲಿ ಕನ್ನಡ ಓದುವವರೇ ಜಾಸ್ತಿ. ಅವರಿಗೂ ಒಂದು ಪತ್ರಿಕೆ ಬೇಕು ಅನ್ನಿಸಿತು.

ಎಷ್ಟು ಪುಟ ಅನ್ನೋದನ್ನು ತಕ್ಕಡಿಯೇ ಹೇಳುತ್ತಿತ್ತು. ನೋಂದಾಯಿತ ಪತ್ರಿಕೆ 50 ಗ್ರಾಂ ಒಳಗಿದ್ದರೆ ಅಂಚೆಗೆ 25 ಪೈಸೆ ಸಾಕಾಗುತ್ತಿತ್ತು. ಒಳಪುಟ 28, ರಕ್ಷಾಪುಟ, ವಿಳಾಸದ ಚೀಟಿ, ಎಲ್ಲ ಸೇರಿ 48 ಗ್ರಾಂ. ಒಂದು ಜಾಹೀರಾತು ಜಾಸ್ತಿ ಬಂದರೆ ಒಂದು ಲೇಖನ ಮುಂದಿನ ತಿಂಗಳಿಗೆ ಹೋಗುತ್ತಿತ್ತು.

ಪ್ರತಿ ತಿಂಗಳೂ ಒಂದು ಕೃತಿಯ ಸ್ವರಪ್ರಸ್ತಾರ, ಅಂದರೆ ಹಾಡನ್ನು ಸರಿಗಮದಲ್ಲಿ ಬರೆದದ್ದು, ಹಾಕುತ್ತಿದ್ದೆವು. ಆಗಿನ ನಮ್ಮ ಡಿಟಿಪಿಯಲ್ಲಿ ಅಕ್ಷರ ಬರುತ್ತಿತ್ತು, ಸ್ವರದ ಚುಕ್ಕಿ ಬರುತ್ತಿರಲಿಲ್ಲ. ಟ್ರೇಸಿಂಗ್ ಹಾಳೆಯ ಮೇಲೆ ಪ್ರಿಂಟ್ ತೆಗೆದು, ಪ್ಲೇಟಿಗೆ ಹೋಗುವ ಮುಂಚೆ ರೋಟ್ರಿಂಗ್ ಅನ್ನೋ ಸಣ್ಣ ಮೊನೆಯ ಪೆನ್ನಿನಲ್ಲಿ ಚುಕ್ಕಿ ನಾನೇ ಇಡುತ್ತಿದ್ದೆ. ಅಕ್ಷರದ ಮೇಲೆ ಇಟ್ಟರೆ ತಾರಸ್ಥಾಯಿ, ಅಂದರೆ ಎತ್ತರದ ಸ್ವರ; ಕೆಳಗೆ ಇಟ್ಟರೆ ಮಂದ್ರ, ತಗ್ಗಿನ ಸ್ವರ. ಒಮ್ಮೆ ಒಂದು ಷಡ್ಜಕ್ಕೆ, ಅಂದರೆ 'ಸ'ಕ್ಕೆ, ಮೇಲಿನ ಚುಕ್ಕಿ ಬಿಟ್ಟುಹೋಯಿತು. ಮೇಲೇರಬೇಕಾದ ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ರೀತಿ ಹಾಡುವುದು) ದಡಕ್ಕನೆ ಕೆಳಗಿಳಿಯಿತು. ಮೂರು ಊರಿನ ಸಂಗೀತ ಟೀಚರುಗಳಿಂದ ಕಾರ್ಡ್ ಬಂತು. ಬೇಸರವಾಯಿತು, ಆದರೆ ಅಷ್ಟು ಗಮನವಿಟ್ಟು ನೋಡುತ್ತಾರಲ್ಲ ಅಂತ ಮನಸ್ಸು ತುಂಬಿತು.

ಚಂದಾ ಕೂಡಿಸುತ್ತಿದ್ದುದು ರಾಮನವಮಿ ಸಂಗೀತೋತ್ಸವದಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಪೆಂಡಾಲಿನ ಹೊರಗೆ ಚೀಲ ಹಿಡಿದು ನಿಲ್ಲುತ್ತಿದ್ದೆ. ವರ್ಷದ ಅರ್ಧ ಚಂದಾ ಆ ಒಂದೇ ತಿಂಗಳಲ್ಲಿ ಬರುತ್ತಿತ್ತು.

ಮೊದಲು ಹೋದದ್ದು ಜಾಹೀರಾತು. ಹಿಂಬದಿ ರಕ್ಷಾಪುಟ ಹಿಡಿಯುತ್ತಿದ್ದವರು ಕ್ಯಾಸೆಟ್, ಸಿಡಿ ಅಂಗಡಿಯವರು. ಯೂಟ್ಯೂಬಿನಲ್ಲಿ ಎಲ್ಲ ಹಾಡೂ ಸುಮ್ನೆ ಸಿಗತೊಡಗಿದ ಮೇಲೆ ಅವರೇ ಒಬ್ಬೊಬ್ಬರಾಗಿ ಬಾಗಿಲು ಮುಚ್ಚಿದರು. ಆಮೇಲೆ ನಾವು ಹಾಕುತ್ತಿದ್ದ ಸಂಗೀತ ಕಛೇರಿಗಳ ಪಟ್ಟಿಗೂ ಕೆಲಸವಿಲ್ಲದಾಯಿತು. ಕಛೇರಿ ನಡೆಸುವ ಸಂಗೀತ ಸಭೆಗಳು ವಾಟ್ಸಾಪಿನಲ್ಲಿ ಆಮಂತ್ರಣ ಕಳಿಸುತ್ತಿದ್ದವು. ಓದುಗರು ಮಾತ್ರ ಕೊನೇತನಕ ಜೊತೆಗಿದ್ದರು. ವಯಸ್ಸಾದವರು, ಅಷ್ಟೇ.

ನನಗೆ ಇವತ್ತಿಗೂ ನೋವಾಗುವುದು ವಿಮರ್ಶೆ ಹೋದದ್ದಕ್ಕೆ. ಕೇಳಲು ಬಂದವರು ಇಪ್ಪತ್ತು ಜನ. ಹೊಸ ಹುಡುಗಿ ತೋಡಿ ರಾಗ ಹಾಡಿದ್ದಾಳೆ. ನಮ್ಮ ವಿಮರ್ಶಕರು ಪೂರ್ತಿ ಕೂತು ಕೇಳಿ, ಎರಡು ದಿನ ಬಿಟ್ಟು ಬರೆಯುತ್ತಿದ್ದರು. ಗಾಂಧಾರದ, ಅಂದರೆ 'ಗ' ಸ್ವರದ, ಕಂಪನ ಇನ್ನೂ ಪಳಗಬೇಕು ಅಂತ ನೇರವಾಗಿ ಹೇಳುತ್ತಿದ್ದರು. ಆ ಹುಡುಗಿ ಅದನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಳ್ಳುತ್ತಿದ್ದಳು. ಹಾಡುವವರಿಗೆ ಅಂಥ ಒಂದು ಮಾತು ಬೇಕು, ಅಲ್ವಾ? ಈಗ ಹೊಗಳಿಕೆ ಬೇಕಾದಷ್ಟು ಸಿಗುತ್ತದೆ. ಗಾಂಧಾರದ ಬಗ್ಗೆ ಹೇಳುವವರು ಕಡಿಮೆ.

ಉಚಿತವಾಗಿ ಹಂಚಿ, ಜಾಹೀರಾತು ಬರುತ್ತೆ ಅಂದರು ಗೆಳೆಯರು. ಲಂಡನ್ನಿನ 'ಎನ್‌ಎಂಇ' ಅದನ್ನೇ ಮಾಡಿತ್ತು. 1952ರಿಂದ ಬರುತ್ತಿದ್ದ ಪಾಪ್, ರಾಕ್ ಸಂಗೀತದ ವಾರಪತ್ರಿಕೆ ಅದು. 2015ರಿಂದ ಉಚಿತವಾಗಿ ಹಂಚಿಯೂ 2018ರ ಮಾರ್ಚಿನಲ್ಲಿ ಮುದ್ರಣ ನಿಲ್ಲಿಸಿತು. ಆ ಸುದ್ದಿ ಓದಿದ ಮೇಲೆ ನನಗೆ ಧೈರ್ಯ ಬರಲಿಲ್ಲ. ಅದೇ ವರ್ಷದ ಡಿಸೆಂಬರ್ ಸಂಚಿಕೆಯೇ ನಮ್ಮದೂ ಕೊನೆಯದು.

ಬಾಕಿ ಚಂದಾ ಎಲ್ಲರಿಗೂ ಹಿಂತಿರುಗಿಸಿದೆ. ಶಿವಮೊಗ್ಗ ಕಡೆಯ ಒಬ್ಬ ಟೀಚರಮ್ಮ ಹಣ ಬೇಡ ಅಂದರು. "1999ರ ಜುಲೈ ಸಂಚಿಕೆ ಯಾರೋ ತಗೊಂಡು ಹೋಗಿ ಕೊಡಲೇ ಇಲ್ಲ. ಅದೊಂದು ಕಳಿಸಿ ಸಾರ್, ಫೈಲು ಪೂರ್ತಿಯಾಗುತ್ತೆ." ನನ್ನ ಹತ್ತಿರ ಇದ್ದದ್ದು ಒಂದೇ ಪ್ರತಿ. ಜೆರಾಕ್ಸ್ ಮಾಡಿಸಿದೆ. ಸ್ವರದ ಚುಕ್ಕಿಗಳು ಅರ್ಧಕ್ಕರ್ಧ ಬಿದ್ದಿರಲಿಲ್ಲ. ಪೆನ್ನು ತೆಗೆದು ಒಂದೊಂದಾಗಿ ಇಟ್ಟೆ. ಎರಡು ಸಲ ಹಾಡಿಕೊಂಡು ತಾಳೆ ನೋಡಿ, ಅಂಚೆಗೆ ಹಾಕಿದೆ.