ಬೆಲ್ಲ-ಹುಣಸೆ ಪಾಕದ ಓವನ್ ಚಿಕನ್: ಐದು ಜನರ ರಾತ್ರಿಯೂಟಕ್ಕೆ

ಓವನ್‌ನಲ್ಲಿ ಬೇಯಿಸಿದ ಕೋಳಿಯ ಮೇಲೆ ಸಿಹಿ, ಹುಳಿ, ಖಾರ ಕೂಡಿದ ಹೊಳಪಿನ ಪದರ ಕೂರಬೇಕಾದರೆ ಒಂದು ವಿಷಯ ಸರಿಯಾಗಬೇಕು: ಬೆಲ್ಲ ಯಾವಾಗ ಬೀಳುತ್ತದೆ ಎನ್ನುವುದು. ಮೂಳೆ ಸಮೇತದ ಲೆಗ್ ಬೇಯಲು ಐವತ್ತು ನಿಮಿಷದ ಹತ್ತಿರ ಬೇಕು. ಬೆಲ್ಲಕ್ಕೆ ಅಷ್ಟು ತಾಳ್ಮೆ ಇಲ್ಲ, 200 ಡಿಗ್ರಿಯಲ್ಲಿ ಅದರ ಅರ್ಧ ಹೊತ್ತಿಗೇ ಕಪ್ಪಾಗಿ ಕಹಿಯಾಗುತ್ತದೆ. ಮಸಾಲೆ ಜೊತೆ ಬೆಲ್ಲವನ್ನೂ ಕಲಸಿ ನೆನೆಸಿಟ್ಟವರ ಚಿಕನ್ ಹೊರಗೆ ಇದ್ದಿಲು, ಒಳಗೆ ಹಸಿ ಆಗುವುದು ಇದಕ್ಕೇ. ಉಪ್ಪು ಮೊದಲು, ಬೆಲ್ಲ ಕೊನೆಗೆ. ಉಳಿದದ್ದೆಲ್ಲ ಈ ಮಾತಿನ ಸುತ್ತಲೇ ಇದೆ.

ಯಾವ ಬೆಲ್ಲ

1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರು ಮಂಡ್ಯ. ಆದರೂ ಈ ಅಡುಗೆಗೆ ಸಕ್ಕರೆ ಬೇಡ, ಬೆಲ್ಲವೇ ಬೇಕು. ಸಕ್ಕರೆ ಬರೀ ಸಿಹಿ ಕೊಡುತ್ತದೆ. ಬೆಲ್ಲದಲ್ಲಿ ಕಬ್ಬಿನ ಹಾಲಿನ ಖನಿಜಾಂಶವೂ ಸ್ವಲ್ಪ ಸುಟ್ಟ ವಾಸನೆಯೂ ಉಳಿದಿರುತ್ತದೆ, ಮಾಂಸದ ಪಕ್ಕದಲ್ಲಿ ಆ ಗಾಢತೆ ಚೆನ್ನಾಗಿ ನಿಲ್ಲುತ್ತದೆ.

ಆಲೆಮನೆಯಿಂದ ನೇರ ತರುವವರು, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವವರು ಇಬ್ಬರೂ ಬಣ್ಣ ನೋಡಿ ಮೋಸ ಹೋಗಬೇಡಿ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಆ ಬಣ್ಣ ಬರಲು ಹೆಚ್ಚಾಗಿ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿರುತ್ತಾರೆ. ನಮಗೆ ಬೇಕಾದದ್ದು ಕಂದು ಬಣ್ಣದ ಅಚ್ಚು ಬೆಲ್ಲ ಅಥವಾ ಉಂಡೆ ಬೆಲ್ಲ. ಚೂರು ಬಾಯಿಗೆ ಹಾಕಿ ನೋಡಿ, ಕೆಲವು ಬೆಲ್ಲ ಉಪ್ಪುಪ್ಪಾಗಿರುತ್ತದೆ. ಅಂಥದ್ದು ಮನೆಯಲ್ಲಿದ್ದರೆ ಪಾಕಕ್ಕೆ ಹಾಕುವ ಉಪ್ಪನ್ನು ಅರ್ಧಕ್ಕಿಳಿಸಿ. ಪಾಕಕ್ಕೆ ಹುಣಸೆ ರಸ ಸೇರಿದಾಗ ಬುಸ್ಸೆಂದು ನೊರೆ ಬಂದರೆ ಬೆಲ್ಲದಲ್ಲಿ ಸೋಡಾ ಅಂಶ ಹೆಚ್ಚಿದೆ ಎಂದರ್ಥ. ಹುಳಿಯ ಒಂದು ಪಾಲು ಅಲ್ಲೇ ಮುರಿದುಹೋಗುತ್ತದೆ, ರುಚಿ ನೋಡಿ ಇನ್ನೆರಡು ಚಮಚ ಹುಣಸೆ ರಸ ಸೇರಿಸಿ. ಮಲೆನಾಡಿನ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಇದ್ದರೆ ಅದೂ ಆಗುತ್ತದೆ, ಕರಗಿಸುವ ನೀರು ಬಿಟ್ಟುಬಿಡಿ ಅಷ್ಟೆ.

ಕೋಳಿ

ಐದು ಫುಲ್ ಲೆಗ್, ಒಟ್ಟು ಸುಮಾರು ಒಂದೂಕಾಲು ಕೆಜಿ, ಚರ್ಮದ ಸಮೇತ. ನಮ್ಮ ಕಡೆಯ ಹೆಚ್ಚಿನ ಅಂಗಡಿಗಳಲ್ಲಿ ಪುಕ್ಕದ ಜೊತೆಗೇ ಚರ್ಮವನ್ನೂ ಎಳೆದುಬಿಡುತ್ತಾರೆ. ಆದ್ದರಿಂದ ಕೋಳಿ ತೂಕಕ್ಕೆ ಹಾಕುವ ಮೊದಲೇ 'ವಿತ್ ಸ್ಕಿನ್, ಲೆಗ್ ಪೀಸ್ ಮಾಡಬೇಡಿ' ಎಂದು ಹೇಳಬೇಕು. ಚರ್ಮ ಬೇಕೆನ್ನುವುದು ಹಟಕ್ಕಲ್ಲ. ಅದರ ಕೊಬ್ಬು ಕರಗಿ ಮಾಂಸಕ್ಕೆ ಇಳಿಯುತ್ತದೆ, ಒಣಗಿದ ಚರ್ಮದ ಮೇಲೆ ಪಾಕ ಹಿಡಿದು ನಿಲ್ಲುತ್ತದೆ. ಮನೆಯಲ್ಲಿ ಚರ್ಮ ತಿನ್ನದವರಿದ್ದರೆ ಸ್ಕಿನ್ ಔಟ್ ಲೆಗ್ಗೇ ತನ್ನಿ. ಆದರೆ ಒಂದೂವರೆ ಚಮಚ ತುಪ್ಪ ಮೇಲೆಲ್ಲ ಸವರಿ, ಮೊದಲ ಹದಿನೈದು ನಿಮಿಷ ಫಾಯಿಲ್ ಮುಚ್ಚಿಯೇ ಬೇಯಿಸಿ.

ಲೆಗ್ ಮಾತ್ರ ಕೊಡದ ಅಂಗಡಿಯಾದರೆ ಇಡೀ ಕೋಳಿ ತಂದು ಎರಡು ಲೆಗ್, ರೆಕ್ಕೆ ಅಂಟಿದ ಎರಡು ಎದೆ ಭಾಗ ಎಂದು ನಾಲ್ಕು ಮಾಡಿಸಿ. ಎದೆ ಮಾಂಸ ಬೇಗ ಬೆಂದು ನಾರಾಗುವುದರಿಂದ ಅದನ್ನು ಲೆಗ್‌ಗಿಂತ ಹತ್ತು ನಿಮಿಷ ತಡವಾಗಿ ಓವನ್‌ಗೆ ಇಡಬೇಕು. ಕತ್ತು, ಬೆನ್ನೆಲುಬು ಬಿಡಬೇಡಿ, ಅವಕ್ಕೆ ಕೆಲಸವಿದೆ. ನಾಟಿ ಕೋಳಿ ಮಾತ್ರ ಇದಕ್ಕೆ ಬೇಡವೇ ಬೇಡ. ಅದರ ಗಟ್ಟಿ ಮಾಂಸ ಮೆತ್ತಗಾಗಲು ನೀರಿನಲ್ಲಿ ನಿಧಾನವಾಗಿ ಬೇಯಬೇಕು, ಓವನ್‌ನ ಒಣ ಶಾಖಕ್ಕೆ ಇನ್ನಷ್ಟು ಬಿಗಿಯುತ್ತದೆ. ಅದಕ್ಕೆ ಸಾರೇ ಸರಿ.

ತೊಳೆದ ಮೇಲೆ ನೀರು ಬಸಿದರೆ ಸಾಲದು. ಒಣ ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒತ್ತಿ ಒರೆಸಿ. ನೀರಿನ ಪಸೆ ಉಳಿದರೆ ಚರ್ಮ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತದೆ, ಆಮೇಲೆ ಎಷ್ಟು ಪಾಕ ಸವರಿದರೂ ಜಾರಿ ತಟ್ಟೆ ಸೇರುತ್ತದೆ. ದೂರು ಕೇಳಿಬರುವ ಚಿಕನ್‌ಗಳಲ್ಲಿ ಅರ್ಧದಷ್ಟು ಕೆಡುವುದು ಈ ಹಂತದಲ್ಲೇ.

ಪ್ರತಿ ಲೆಗ್‌ನ ಒಳಬದಿಗೆ ಮೂಳೆಯವರೆಗೆ ಎರಡು ಗೀರು ಹಾಕಿ, ಒಂದು ತೊಡೆಯ ದಪ್ಪ ಭಾಗಕ್ಕೆ, ಒಂದು ಕೀಲಿನ ಬಳಿ. ಎರಡೂವರೆ ಚಮಚ ಪುಡಿ ಉಪ್ಪು (ಸುಮಾರು 15 ಗ್ರಾಂ), ಅರ್ಧ ಚಮಚ ಅರಿಶಿನ, ಒಂದು ಚಮಚ ಕಾಳುಮೆಣಸಿನ ಪುಡಿ ಬೆರೆಸಿ ಎಲ್ಲ ಕಡೆ ಉಜ್ಜಿ. ಎರಡು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟನ್ನು ಚರ್ಮದ ಮೇಲೆ ಹಚ್ಚಬೇಡಿ, ಅಲ್ಲಿ ಸೀದು ಕಹಿಯಾಗುತ್ತದೆ. ಬೆರಳಿನಿಂದ ಚರ್ಮ ಸಡಿಲಿಸಿ ಅದರ ಕೆಳಗೆ ಮತ್ತು ಗೀರುಗಳೊಳಗೆ ತುಂಬಿ. ಮುಚ್ಚದೆ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ, ಬೇರೆ ತಿನಿಸಿಗೆ ತಾಗದಂತೆ, ಕನಿಷ್ಠ ಎರಡು ಗಂಟೆ ಇಡಿ. ಹಿಂದಿನ ರಾತ್ರಿಯೇ ಇಟ್ಟರೆ ಇನ್ನೂ ಒಳ್ಳೆಯದು, ಉಪ್ಪು ಮೂಳೆವರೆಗೆ ಇಳಿಯುತ್ತದೆ, ಚರ್ಮ ಒಣಗುತ್ತದೆ. ಮೊಸರು, ನಿಂಬೆರಸ ಈ ಹಂತದಲ್ಲಿ ಬೇಡ, ಎರಡೂ ನೀರಿನ ಪಸೆಯನ್ನೇ ತರುತ್ತವೆ.

ಪಾಕ

120 ಗ್ರಾಂ ಬೆಲ್ಲದ ಪುಡಿ, 25 ಗ್ರಾಂ ಹುಣಸೆಹಣ್ಣು (ಚಿಕ್ಕ ನಿಂಬೆಗಾತ್ರ), ಐದು ಬ್ಯಾಡಗಿ ಮೆಣಸಿನಕಾಯಿ, ಎರಡು ಗುಂಟೂರು, ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಚಮಚ ಜೀರಿಗೆ, ಒಂದೂವರೆ ದೊಡ್ಡ ಚಮಚ ತುಪ್ಪ, ಮುಕ್ಕಾಲು ಚಮಚ ಉಪ್ಪು, ತರಿತರಿ ಕುಟ್ಟಿದ ಕಾಳುಮೆಣಸು ಒಂದು ಚಮಚ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಟೂರು ಬಿಡಿ. ಬ್ಯಾಡಗಿಯನ್ನು ಕಡಿಮೆ ಮಾಡಬೇಡಿ, ಬಣ್ಣ ಬರುವುದೇ ಅದರಿಂದ.

ಹುಣಸೆಯನ್ನು 120 ಮಿಲಿ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಹಿಂಡಿ ಸೋಸಿ. ಬೆಲ್ಲವನ್ನು 60 ಮಿಲಿ ನೀರಿನಲ್ಲಿ ಕರಗಿಸಿ ಟೀ ಜಾಲರಿಯಲ್ಲಿ ಸೋಸಿ, ಎಷ್ಟು ಒಳ್ಳೆಯ ಬೆಲ್ಲವಾದರೂ ಮರಳು, ಕಬ್ಬಿನ ನಾರು ಚೂರಾದರೂ ಸಿಗುತ್ತದೆ. ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬೆಳ್ಳುಳ್ಳಿ, ಶುಂಠಿ, ಜೀರಿಗೆ ಜೊತೆ ನುಣ್ಣಗೆ ರುಬ್ಬಿ. ತರಿ ಉಳಿದರೆ ಆ ತರಿಯೇ ಓವನ್‌ನಲ್ಲಿ ಮೊದಲು ಸೀಯುವುದು.

ಸ್ಟೀಲ್ ಪಾತ್ರೆಯಲ್ಲಿ ತುಪ್ಪ ಕಾಯಿಸಿ ರುಬ್ಬಿದ್ದನ್ನು ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಹಸಿ ವಾಸನೆ ಹೋಗುವ ತನಕ ಹುರಿಯಿರಿ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಹುಣಸೆ ಕಪ್ಪಾಗಿ ಲೋಹದ ರುಚಿ ಬರುತ್ತದೆ. ಹುಣಸೆ ರಸ ಹಾಕಿ ಮೂರು ನಿಮಿಷ ಕುದಿಸಿ, ಆಮೇಲೆ ಬೆಲ್ಲದ ನೀರು, ಉಪ್ಪು, ಕಾಳುಮೆಣಸು. ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ.

ಹದ ಇಲ್ಲಿ ಮುಖ್ಯ. ಚಮಚದ ಬೆನ್ನಿಗೆ ಹಚ್ಚಿ, ಆರಿದ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಅಂಟಬೇಕು, ಆದರೆ ಎಳೆ ಬರಬಾರದು. ಚಿಕ್ಕಿಗೋ ಉಂಡೆಗೋ ಪಾಕ ಹಿಡಿದು ಗೊತ್ತಿರುವವರಿಗೆ ಇದು ಸುಲಭ: ಒಂದೆಳೆ ಪಾಕಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿಸಿ. ಎಳೆ ಬಂದ ಪಾಕ ಓವನ್‌ನಲ್ಲಿ ಇನ್ನೂ ಗಟ್ಟಿಯಾಗಿ, ತಟ್ಟೆಗೆ ಬರುವಷ್ಟರಲ್ಲಿ ಹಲ್ಲಿಗೆ ಅಂಟುತ್ತದೆ. ಒಲೆಯ ಮೇಲೆ ತೆಳ್ಳಗೆ ಕಂಡರೂ ಆರಿದಾಗ ದಪ್ಪವಾಗುತ್ತದೆ, ಆತುರಪಡಬೇಡಿ. ಹದ ಮೀರಿದ್ದರೆ ಎರಡು ಚಮಚ ಬಿಸಿನೀರು ಬೆರೆಸಿ ಮತ್ತೆ ಒಂದು ಕುದಿ ತನ್ನಿ, ಸರಿಹೋಗುತ್ತದೆ.

ರುಚಿ ನೋಡಿದಾಗ ಸಿಹಿ, ಹುಳಿ, ಉಪ್ಪು ಎಲ್ಲವೂ ಒಂದು ಪಟ್ಟು ಜಾಸ್ತಿಯೇ ಅನ್ನಿಸಬೇಕು. ಮಾಂಸದ ಮೇಲೆ ಇದು ತೆಳು ಪದರವಾಗಿ ಕೂರುವಂಥದ್ದು, ಚಮಚದಲ್ಲಿ ಹಿತವಾಗಿದ್ದರೆ ತಟ್ಟೆಯಲ್ಲಿ ಸಪ್ಪೆ. ಮೂರನೇ ಒಂದು ಪಾಲನ್ನು ಈಗಲೇ ಬೇರೆ ಬಟ್ಟಲಿಗೆ ತೆಗೆದಿಡಿ, ಊಟಕ್ಕೆ ಕೂತಾಗ ಬಡಿಸಲು. ಅರೆಬೆಂದ ಕೋಳಿಗೆ ತಾಗಿದ ಬ್ರಷ್ ಆ ಬಟ್ಟಲಿಗೆ ಹೋಗಕೂಡದು.

ಓವನ್‌ನಲ್ಲಿ

28-30 ಲೀಟರ್ ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) ಐದು ಲೆಗ್ ಹಿಡಿಸುತ್ತವೆ. ಆರನೆಯದನ್ನು ತುರುಕಬೇಡಿ, ಒತ್ತೊತ್ತಾಗಿ ಇಟ್ಟರೆ ಹಬೆ ಹೋಗಲು ಜಾಗವಿರುವುದಿಲ್ಲ. ಓಟಿಜಿಯನ್ನು 16 ಆಂಪ್‌ನ ದೊಡ್ಡ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಚಿಕನ್ ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿರಲಿ. ಮೇಲೆ ಕೆಳಗೆ ಎರಡೂ ರಾಡ್ ಹಾಕಿ 200 ಡಿಗ್ರಿಗೆ ಹದಿನೈದು ನಿಮಿಷ ಕಾಯಿಸಿ. ಟ್ರೇಗೆ ಫಾಯಿಲ್ ಹಾಸಿ, ದಪ್ಪಗೆ ಹೆಚ್ಚಿದ ಎರಡು ಈರುಳ್ಳಿ, ಅರೆಬೇಯಿಸಿದ ನಾಲ್ಕು ಆಲೂಗಡ್ಡೆ ಹರಡಿ, ಅರ್ಧ ಲೋಟ ನೀರು ಸುರಿಯಿರಿ. ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಲೆಗ್, ಚರ್ಮ ಮೇಲ್ಮುಖ. ತೊಡೆಯ ದಪ್ಪ ಭಾಗ ಒಳಗೆ, ಸಣಕಲು ತುದಿ ಬಾಗಿಲ ಕಡೆಗೆ, ಬಾಗಿಲ ಹತ್ತಿರ ಶಾಖ ಕಡಿಮೆ. ಟ್ರೇಯಲ್ಲಿ ನೀರಿಲ್ಲದಿದ್ದರೆ ತೊಟ್ಟಿಕ್ಕಿದ ಕೊಬ್ಬು, ಬೆಲ್ಲ ಸೀದು ಮನೆ ತುಂಬ ಹೊಗೆಯಾಗುತ್ತದೆ, ಆ ಹೊಗೆಯ ಕಹಿ ಮಾಂಸಕ್ಕೂ ಹಿಡಿಯುತ್ತದೆ.

ಓವನ್‌ನ ಮಧ್ಯದ ಅಂತಸ್ತಿನಲ್ಲಿ 30 ನಿಮಿಷ, ಪಾಕವಿಲ್ಲದೆ. ಚರ್ಮ ಬಿಗಿದು ಹೊಂಬಣ್ಣಕ್ಕೆ ತಿರುಗಿರಬೇಕು, ಇನ್ನೂ ಬಿಳಚಿಕೊಂಡಿದ್ದರೆ ಐದು ನಿಮಿಷ ಹೆಚ್ಚು ಕೊಡಿ. ಆಮೇಲೆ ಶಾಖವನ್ನು 180ಕ್ಕಿಳಿಸಿ, ಲೆಗ್ ಮೇಲೆ ನಿಂತ ಎಣ್ಣೆ ಪಸೆಯನ್ನು ಟಿಶ್ಯೂನಲ್ಲಿ ಒತ್ತಿ ತೆಗೆದು ಮೊದಲ ಕೈ ಪಾಕ ತೆಳ್ಳಗೆ ಸವರಿ. 8 ನಿಮಿಷ. ಎರಡನೇ ಕೈ, ಮತ್ತೆ 8 ನಿಮಿಷ. ಮೂರನೇ ಕೈ ಸವರಿ ಮೇಲಿನ ರಾಡ್ ಮಾತ್ರ ಹಾಕಿ 4-5 ನಿಮಿಷ, ಈ ಹೊತ್ತಿನಲ್ಲಿ ಓವನ್ ಮುಂದಿನಿಂದ ಕದಲಬೇಡಿ. ಮೇಲೆ ಸಣ್ಣ ಗುಳ್ಳೆ ಎದ್ದು, ಅಂಚುಗಳು ಮಾತ್ರ ಕಡುಗಂದಾದಾಗ ಹೊರಗೆ ತೆಗೆಯಿರಿ. ಗುಳ್ಳೆ ಎದ್ದ ಪಾಕ ಸೀಯಲು ಒಂದು ನಿಮಿಷ ಸಾಕು.

ಮೂರು ಸಲ ಯಾಕೆ, ಒಂದೇ ಸಲ ದಪ್ಪಗೆ ಸುರಿದರೆ ಆಗದೇ? ಆಗದು. ದಪ್ಪ ಪಾಕ ಒಣಗುವ ಮೊದಲೇ ಹರಿದು ಕೆಳಗೆ ಮಡುಗಟ್ಟಿ ಸೀಯುತ್ತದೆ. ತೆಳು ಪದರ ಬೇಗ ಒಣಗಿ ಅಂಟಾಗುತ್ತದೆ, ಮುಂದಿನದನ್ನು ಅದೇ ಹಿಡಿದುಕೊಳ್ಳುತ್ತದೆ, ಗೋಡೆಗೆ ಬಣ್ಣ ಹೊಡೆದ ಹಾಗೆ.

ಬೆಂದಿದೆಯೇ ಎಂದು ಬಣ್ಣದಿಂದ ಹೇಳಲಾಗದು, ಬೆಲ್ಲ ಎಲ್ಲವನ್ನೂ ಕೆಂಪಗೆ ತೋರಿಸುತ್ತದೆ. ಥರ್ಮಾಮೀಟರ್ ಇದ್ದರೆ ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. 74 ಡಿಗ್ರಿಗೆ ತಿನ್ನಲು ಸುರಕ್ಷಿತ, ಆದರೆ ಲೆಗ್ ನಿಜಕ್ಕೂ ಮೆತ್ತಗಾಗುವುದು 80 ದಾಟಿದ ಮೇಲೆ, ಕೀಲಿನ ಸುತ್ತಲ ನರ ಕರಗುವುದು ಆಗಲೇ. ಥರ್ಮಾಮೀಟರ್ ಇಲ್ಲದಿದ್ದರೆ ಕೀಲಿನ ಬಳಿ ಚಾಕುವಿನ ತುದಿ ಇಳಿಸಿ, ಒಸರುವ ರಸ ತಿಳಿಯಾಗಿರಬೇಕು, ಕಾಲು ತಿರುಚಿದರೆ ಸಡಿಲವಾಗಿ ಬರಬೇಕು. ಮೂಳೆಯ ಸುತ್ತ ಕೆಂಪು ಕಂಡ ಮಾತ್ರಕ್ಕೆ ಹಸಿ ಎಂದಲ್ಲ: ಎಳೆಯ ಬ್ರಾಯ್ಲರ್‌ನ ಮೂಳೆಯೊಳಗಿನ ಬಣ್ಣ ಬೇಯುವಾಗ ಹೊರಗೆ ಇಳಿಯುತ್ತದೆ.

ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಹತ್ತು ನಿಮಿಷದಲ್ಲಿ ಬಂದರೆ ಅಷ್ಟೇ ಹೊತ್ತು ಹೆಚ್ಚು ಬೇಯಿಸಿ. ಬರಲಿಲ್ಲವೆಂದರೆ ಲೆಗ್‌ಗಳನ್ನು ದಪ್ಪ ತಳದ ಪಾತ್ರೆಗೆ ಹಾಕಿ ಕಾಲು ಲೋಟ ನೀರು ಬಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ನೀರು ಇಂಗಿದ ಮೇಲೆ ಪಾಕ ಸುರಿದು ಹೊರಳಿಸಿ. ಗರಿ ಇರುವುದಿಲ್ಲ, ರುಚಿ ಇರುತ್ತದೆ. ಓವನ್ ಇಲ್ಲದ ಮನೆಗೂ ಇದೇ ದಾರಿ, ಶುರುವಿನಿಂದ ಮುಚ್ಚಿ ಬೇಯಿಸಲು ಮೂವತ್ತೈದು ನಿಮಿಷ ಹಿಡಿಯುತ್ತದೆ.

ಊಟಕ್ಕೆ

ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ, ಪಾಕ ಕೂರುವುದು ಆಗಲೇ. ಎಂಟೂವರೆಗೆ ಊಟವೆಂದರೆ ಆರೂ ಐವತ್ತಕ್ಕೆ ಚಿಕನ್ ಫ್ರಿಜ್‌ನಿಂದ ಹೊರಗೆ, ಅದೇ ಹೊತ್ತಿಗೆ ಪಾಕ ಒಲೆಗೆ, ಏಳೂ ಹತ್ತಕ್ಕೆ ಓವನ್ ಆನ್, ಏಳೂ ಇಪ್ಪತ್ತೈದಕ್ಕೆ ಟ್ರೇ ಒಳಗೆ.

ಇದು ಒಣ ಪದಾರ್ಥ, ಮುದ್ದೆ ಮುರಿದು ಅದ್ದಲು ರಸವಿಲ್ಲ. ಮುದ್ದೆ ಇಲ್ಲದೆ ಊಟವಾಗದ ಮನೆಯಲ್ಲಿ ಆ ಕತ್ತು, ಬೆನ್ನೆಲುಬುಗಳಿಂದ ತೆಳ್ಳಗಿನ ಮೆಣಸಿನ ಸಾರು ಮಾಡಿ, ಬೆಲ್ಲ ಸೋಕದ ಆ ಖಾರ ಇದಕ್ಕೆ ಒಳ್ಳೆಯ ಜೋಡಿ. ಇಲ್ಲದಿದ್ದರೆ ಅಕ್ಕಿ ರೊಟ್ಟಿ ಮತ್ತು ಸಕ್ಕರೆ ಹಾಕದ ಸೌತೆಕಾಯಿ ಮೊಸರು ಬಜ್ಜಿ. ಚಪಾತಿಗಿಂತ ಅಕ್ಕಿ ರೊಟ್ಟಿಯೇ ಮೇಲು, ಅದರ ಗರಿ ಅಂಚಿಗೆ ತೆಗೆದಿಟ್ಟ ಪಾಕ ಚೆನ್ನಾಗಿ ಹಿಡಿಯುತ್ತದೆ. ಟ್ರೇಯ ಆಲೂಗಡ್ಡೆ, ಈರುಳ್ಳಿಗೆ ಮೇಲಿಂದ ಇಳಿದ ರಸವೆಲ್ಲ ಸೇರಿರುತ್ತದೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಉದುರಿಸಿ ಬಡಿಸಿ.

ಉಳಿದ ಚಿಕನ್ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ, ಮೂರು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವಾಗ ಒಂದು ಚಮಚ ನೀರು ಚಿಮುಕಿಸಿ, ಫಾಯಿಲ್ ಮುಚ್ಚಿ, 160 ಡಿಗ್ರಿಯಲ್ಲಿ ಹದಿನೈದು ನಿಮಿಷ. ಮುಚ್ಚದಿದ್ದರೆ ಮಾಂಸ ಬಿಸಿಯಾಗುವ ಮೊದಲೇ ಮೇಲಿನ ಬೆಲ್ಲ ಸೀಯುತ್ತದೆ.