ಪಠ್ಯಪುಸ್ತಕದ ಭಾಷೆ: ಪ್ರಶಿಕ್ಷಣಾರ್ಥಿಗಳ ಅಭಿಪ್ರಾಯ ಕಲೆಹಾಕುವ ಬಗೆ

ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಪ್ರಶಿಕ್ಷಣಾರ್ಥಿಗಳ ಕೈಗೆ ಪಠ್ಯಪುಸ್ತಕ ಕುರಿತು ‘ಭಾಷೆ ಹೇಗಿದೆ, ಐದಕ್ಕೆ ಎಷ್ಟು?’ ಎಂಬ ನಮೂನೆ ಕೊಟ್ಟರೆ ಬರುವುದು ಎರಡೇ ಉತ್ತರ: ಸರಳವಾಗಿದೆ, ಇಲ್ಲವೇ ಕಠಿಣವಾಗಿದೆ. ಯಾವ ಸಾಲು, ಯಾಕೆ ಎಂಬುದು ಸಿಗುವುದೇ ಇಲ್ಲ. ಹಾಗಾಗಿ ನಾನು ನಮೂನೆ ಬಿಟ್ಟು ಪೆನ್ಸಿಲ್ ಹಿಡಿಸುತ್ತೇನೆ.

ಪುಸ್ತಕ 4 ಅಥವಾ 5ನೇ ತರಗತಿಯ ಪರಿಸರ ಅಧ್ಯಯನ. ಸರ್ಕಾರಿ ಕನ್ನಡ ಶಾಲೆಯಲ್ಲಿ 3ನೇ ತರಗತಿವರೆಗೆ ನಲಿಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಕೆ) ಇರುವುದರಿಂದ ಉದ್ದನೆಯ ಗದ್ಯದ ಕಾಟ ಶುರುವಾಗುವುದೇ ಇಲ್ಲಿ. ಪಾಠವನ್ನು ಒಬ್ಬೊಬ್ಬರೇ ಓದಬೇಕು, ಚರ್ಚೆ ಆಮೇಲೆ. ಮೊದಲೇ ಗುಂಪು ಮಾಡಿದರೆ ಗಟ್ಟಿ ದನಿಯವರ ಅಭಿಪ್ರಾಯವೇ ಎಲ್ಲರದಾಗುತ್ತದೆ. ತೊಡಕು ಕಂಡ ಕಡೆ ಅಂಚಿನಲ್ಲಿ ಪದಕ್ಕೆ ‘ಪ’, ವಾಕ್ಯಕ್ಕೆ ‘ವಾ’, ಅಭ್ಯಾಸದ ಸೂಚನೆಗೆ ‘ಸೂ’. ಪಕ್ಕದಲ್ಲಿ ತಿದ್ದಿದ ರೂಪ ಬರೆಯದಿದ್ದರೆ ಆ ಗುರುತು ಲೆಕ್ಕಕ್ಕಿಲ್ಲ.

ಪೆನ್ಸಿಲ್ ಮೊದಲು ನಿಲ್ಲುವುದು ‘ಬಾಷ್ಪೀಭವನ’ದಂಥ ಪದಗಳ ಮೇಲೆ. ನನ್ನ ಮಟ್ಟಿಗೆ ಅದು ಸಣ್ಣ ತೊಂದರೆ; ಒದ್ದೆ ಬಟ್ಟೆ ಒಣಗುವುದನ್ನು ತೋರಿಸಿದರೆ ಪದ ತಲೆಯಲ್ಲಿ ಕೂರುತ್ತದೆ. ಮಗು ಎಡವುವುದು ಇಂಥ ಕಡೆ (ವಾಕ್ಯ ಅಭ್ಯಾಸಕ್ಕೆಂದು ನಾನೇ ಕಟ್ಟಿದ್ದು): ‘ಸೂರ್ಯನ ಶಾಖದಿಂದ ಆವಿಯಾಗಿ ಮೇಲೇರಿದ ನೀರು ತಂಪುಗೊಂಡು ಉಂಟಾಗುವ ಮೋಡಗಳಿಂದ ಸುರಿಯುವ ಮಳೆಯ ನೀರನ್ನು ಸಂಗ್ರಹಿಸಿ ಬಳಸುವುದನ್ನು ಮಳೆನೀರು ಕೊಯ್ಲು ಎನ್ನಲಾಗುತ್ತದೆ.’ ಪದ 16, ಕ್ರಿಯೆ ಎಂಟು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಪದದ ಉದ್ದ ಅಳೆದು ಪಠ್ಯ ಎಷ್ಟು ಕಠಿಣ ಎಂದು ಹೇಳುವ ಇಂಗ್ಲಿಷ್ ಸೂತ್ರಗಳು ಇಲ್ಲಿ ನಡೆಯವು. ಕ್ರಿಯೆ ಎಣಿಸಿ, ಮೂರು ದಾಟಿದರೆ ವಾಕ್ಯ ಒಡೆಯಿರಿ. ಒಡೆಯುವಾಗ ‘ಆಗ’, ‘ಆದ್ದರಿಂದ’ ಬಿದ್ದುಹೋಗಿ ಕಾರಣವೇ ಕಳೆದುಹೋಗುವುದು ಪ್ರಶಿಕ್ಷಣಾರ್ಥಿಗಳ ತಿದ್ದುಪಡಿಯಲ್ಲಿ ಮಾಮೂಲಿ ದೋಷ.

ಪ್ರಶಿಕ್ಷಣಾರ್ಥಿಗಳ ಅಭಿಪ್ರಾಯ ಸರಿಯೇ ಎಂದು ನೋಡಲು ಮಕ್ಕಳಿಗೆ ಕ್ಲೋಜ್ ಪರೀಕ್ಷೆ, ಅಂದರೆ ಪಠ್ಯದಲ್ಲಿ ಬಿಟ್ಟ ಪದ ತುಂಬಿಸುವುದು. 1953ರಲ್ಲಿ ವಿಲ್ಸನ್ ಟೇಲರ್ ಪರಿಚಯಿಸಿದ ವಿಧಾನ ಇದು. ಮಕ್ಕಳು ಇನ್ನೂ ಓದದ ಪಾಠದಿಂದ ಸುಮಾರು 150 ಪದಗಳ ಒಂದು ಭಾಗ ತೆಗೆದುಕೊಳ್ಳಿ. ಮೊದಲ, ಕೊನೆಯ ವಾಕ್ಯ ಮುಟ್ಟದೆ ನಡುವೆ ಪ್ರತಿ ಏಳನೆಯ ಪದಕ್ಕೆ ಒಂದೇ ಉದ್ದದ ಖಾಲಿ ಗೆರೆ. ‘ಕೆರೆಯಲ್ಲಿ’ ಬರಬೇಕಾದ ಕಡೆ ‘ಕೆರೆಗೆ’ ಬರೆದರೆ ತಪ್ಪೆಂದು ಹೊಡೆದುಹಾಕದೆ ಬೇರೆ ಕಲಂನಲ್ಲಿ ಬರೆದಿಡಿ: ಅರ್ಥ ಹಿಡಿದಿದೆ, ವಾಕ್ಯದ ಕಟ್ಟು ಹಿಡಿದಿಲ್ಲ. ಶೇಕಡಾ ಇಷ್ಟು ಸರಿ ತುಂಬಿದರೆ ಪಾಠ ಸುಲಭ ಎಂದು ಇಂಗ್ಲಿಷಿಗೆ ಗೊತ್ತುಮಾಡಿದ ಗಡಿಗಳನ್ನು ಇಲ್ಲಿಗೆ ತರಬೇಡಿ. ಅದೇ ಪುಸ್ತಕದ ಎರಡು ಪಾಠ ಹೋಲಿಸಿದರೆ ಸಾಕು.

ಕಡಿಮೆ ಬೀಳುವ ಗುರುತು ‘ಸೂ’. ‘ಗಮನಿಸಿ, ಪಟ್ಟಿಮಾಡಿ, ವ್ಯತ್ಯಾಸ ಬರೆಯಿರಿ’ ಎಂದರೆ ಒಂದೇ ಸಾಲಿನಲ್ಲಿ ಮೂರು ಕೆಲಸ. ಮಗು ಪಟ್ಟಿಮಾಡಿ ನಿಲ್ಲುತ್ತದೆ, ಪಾಠ ತಿಳಿದಿಲ್ಲ ಎಂಬ ಷರಾ ಬೀಳುತ್ತದೆ. ಷರಾ ಬರೆಯುವ ಮುನ್ನ ಮಗುವಿನ ಆಡುಮಾತಿನಲ್ಲೇ, ಧಾರವಾಡದ ಕಡೆಯಾದರೆ ‘ಇದ್ರಾಗ ಏನ್ ಮಾಡು ಅಂತ ಐತಿ?’ ಎಂದು ಕೇಳಬೇಕು. ಕೆಲಸ ಬಿಡಿಸಿ ಹೇಳಿದ ಮೇಲೆ ವ್ಯತ್ಯಾಸವನ್ನು ಬಾಯಲ್ಲಿ ಹೇಳಿಬಿಟ್ಟರೆ, ‘ವಾ’ ಗುರುತು ಅಳಿಸಿ ‘ಸೂ’ ಹಾಕಿಸುತ್ತೇನೆ.