ಸ್ಪ್ರಿಂಗ್‌ನಲ್ಲಿ ರಿಕ್ವೆಸ್ಟ್ ಸ್ಕೋಪ್: ಪ್ರಾಕ್ಸಿ ಮರೆಯಬೇಡಿ

ಕಾಸರಗೋಡಿನ ಜಾವಾ ಗೆಳೆಯರೇ, ನಮ್ಮ ಕಡೆಯ ಆ್ಯಪ್‌ಗಳಿಗೆ ಕನ್ನಡ, ಮಲಯಾಳಂ ಎರಡೂ ಬೇಕೇ ಬೇಕು ಅಲ್ವಾ? ಬಳಕೆದಾರರ ಭಾಷೆ, ಲಾಗಿನ್ ವಿವರವನ್ನು ಸರ್ವಿಸ್ ಕ್ಲಾಸಿನ ಫೀಲ್ಡ್‌ನಲ್ಲಿ ಯಾವತ್ತೂ ಇಡಬೇಡಿ. ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್‌ನಲ್ಲಿ ಬೇರೇನೂ ಹೇಳದಿದ್ದರೆ ಸರ್ವಿಸ್ ಸಿಂಗಲ್‌ಟನ್, ಎಲ್ಲರಿಗೂ ಒಂದೇ ಆಬ್ಜೆಕ್ಟ್. ಕುಂಬಳೆಯವರು ಕನ್ನಡದಲ್ಲಿ ಅಡಿಕೆ ಬಿಲ್ ತೆರೆದ ಹೊತ್ತಿಗೇ ಕಾಞಂಗಾಡಿನವರು ಮಲಯಾಳಂ ಒತ್ತಿದರೆ, ಇವರ ಬಿಲ್ ಅವರ ಭಾಷೆಯಲ್ಲಿ ಬರಬಹುದು. ಭಾಷೆ ಹೋಗಲಿ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಂಡರೆ?

ಆ ವಿವರಕ್ಕೆ ಬೇರೆಯೇ ಬೀನ್ (ಸ್ಪ್ರಿಂಗೇ ಸೃಷ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್) ಮಾಡಿ, ಅದರ ಕ್ಲಾಸಿನ ಮೇಲೆ @ರಿಕ್ವೆಸ್ಟ್‌ಸ್ಕೋಪ್ ಹಾಕಿ. ಆಗ ಪ್ರತಿ ರಿಕ್ವೆಸ್ಟ್‌ಗೂ, ಅಂದರೆ ಬ್ರೌಸರ್‌ನಿಂದ ಬರುವ ಪ್ರತಿ ಕೋರಿಕೆಗೂ, ಬೇರೆ ಬೇರೆ ಆಬ್ಜೆಕ್ಟ್ ಸಿಗುತ್ತದೆ. ಕನ್‌ಸ್ಟ್ರಕ್ಟರ್ ಮೂಲಕ ಸರ್ವಿಸ್‌ಗೆ ಇಂಜೆಕ್ಟ್ ಮಾಡಿ. ಒಳಗೆ ಬರುವುದು ನಿಜವಾದ ಬೀನ್ ಅಲ್ಲ, ಅದರ ಪರವಾಗಿ ನಿಲ್ಲುವ ಪ್ರಾಕ್ಸಿ. ಮೆಥಡ್ ಕರೆದಾಗಲೆಲ್ಲ ಅದು ಆಗಿನ ರಿಕ್ವೆಸ್ಟ್‌ನ ಬೀನನ್ನು ಹುಡುಕಿ ಕೆಲಸ ಒಪ್ಪಿಸುತ್ತದೆ. @ರಿಕ್ವೆಸ್ಟ್‌ಸ್ಕೋಪ್ ಬದಲು ಬರೀ @ಸ್ಕೋಪ್("request") ಬರೆದು, ಪ್ರಾಕ್ಸಿ ಬೇಕೆಂದು ಹೇಳುವ ಪ್ರಾಕ್ಸಿಮೋಡ್ ಬಿಟ್ಟರೆ ಆ್ಯಪ್ ಶುರುವಾಗುವಾಗಲೇ ಎರರ್. ಪ್ರಾಕ್ಸಿ ಆ ಬೀನ್‌ನ ಕ್ಲಾಸಿನ ಸಬ್‌ಕ್ಲಾಸ್ ಆಗಿರುವುದರಿಂದ ಆ ಕ್ಲಾಸ್ ಫೈನಲ್ ಆಗಿರಬಾರದು.

ಜಾಸ್ತಿ ಜನ ಎಡವುವುದು @ಅಸಿಂಕ್ ಮೆಥಡ್‌ನಲ್ಲಿ. ಅದು ಬೇರೆ ಥ್ರೆಡ್‌ನಲ್ಲಿ ಓಡುತ್ತದೆ, ಅಲ್ಲಿ ರಿಕ್ವೆಸ್ಟ್ ಇರುವುದಿಲ್ಲ. ಉದಾಹರಣೆಗೆ, ಎಸ್ಸೆಮ್ಮೆಸ್ ಕಳಿಸುವ @ಅಸಿಂಕ್ ಮೆಥಡ್ ಕರೆಯುವ ಮೊದಲೇ ಭಾಷೆಯನ್ನು ಓದಿ, ಆರ್ಗ್ಯುಮೆಂಟ್ ಆಗಿ ಕೊಡಿ.

ಬೀನ್‌ನಲ್ಲಿ ಫೈಲ್ ತೆರೆದಿದ್ದರೆ @ಪ್ರೀಡೆಸ್ಟ್ರಾಯ್ ಮೆಥಡ್‌ನಲ್ಲಿ ಮುಚ್ಚಿ. ರಿಕ್ವೆಸ್ಟ್ ಮುಗಿದಾಗ ಸ್ಪ್ರಿಂಗೇ ಅದನ್ನು ಕರೆಯುತ್ತದೆ.